ಉಸುಕಿನ ಕೇರಿಗೆ ಜನ ಕರೆದವಳು

ನಮ್ಮ ಕೇರಿಗೆ ಮೊದಲು ಬಂದು ಮನೆ ಕಟ್ಟಿದವರು ಯಾರು ಎಂದು ಕೇಳಿದರೆ ಈಗಿನ ಹುಡುಗರು ತಮ್ಮ ತಮ್ಮ ಅಜ್ಜಂದಿರ ಹೆಸರು ಹೇಳುತ್ತಾರೆ. ಸುಳ್ಳು. ಆ ಅಜ್ಜಂದಿರಲ್ಲಿ ಅರ್ಧ ಜನ ನನ್ನ ಕಣ್ಣೆದುರಿಗೇ ತಲೆಯ ಮೇಲೆ ಚಾಪೆ ಹೊತ್ತುಕೊಂಡು ಬಂದವರು. ಅವರನ್ನು ಕರೆದು ತಂದವಳು ಒಬ್ಬ ಹೆಂಗಸು. ಅವಳ ಹೆಸರು ನಾನು ಬರೆಯುವುದಿಲ್ಲ. ಮಾಡಿದ ಒಳ್ಳೆಯದನ್ನು ಬರೆದರೆ ತಪ್ಪನ್ನೂ ಬರೆಯಬೇಕಾಗುತ್ತದೆ, ಅವಳ ಮಗಳ ಮಕ್ಕಳು ಇನ್ನೂ ಇದ್ದಾರೆ, ಸುಮ್ಮನೆ ಜಗಳ ಯಾಕೆ. ಎಲ್ಲರೂ ಅವಳನ್ನು ದೊಡ್ಡಬ್ಬೆ ಎನ್ನುತ್ತಿದ್ದರು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು ಕೂಡ. ನಾನೂ ಹಾಗೇ ಬರೆಯುತ್ತೇನೆ. ಅವಳು ಸತ್ತದ್ದು ಈ ಕೇರಿಯಲ್ಲಲ್ಲ, ರಾಮನಗುಳಿಯಲ್ಲಿ, ಮಗಳ ಮನೆಯಲ್ಲಿ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಕಾರ್ಯವೆಲ್ಲ ಮುಗಿದಿತ್ತು.

ನೋಡಲು ಚೆಂದದವಳಲ್ಲ. ಉದ್ದ ಮೈ, ದೊಡ್ಡ ಪಾದ, ಮುಂದಿನದೊಂದು ಹಲ್ಲು ಇರಲಿಲ್ಲ. ಗಂಡ ಚಿಕ್ಕ ವಯಸ್ಸಿನಲ್ಲೇ ಹೋಗಿದ್ದ. ಯಾರ ಹತ್ತಿರ ಮಾತಾಡಿದರೂ ಅವರ ಮೊಣಕೈ ಹಿಡಿದುಕೊಂಡೇ ಮಾತಾಡುವಳು. ಮಾತು ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಗಂಡಸರ ಕೈಯನ್ನೂ ಹಾಗೇ ಹಿಡಿಯುತ್ತಾಳೆಂದು ಹಳೇ ಕೇರಿಯ ಹೆಂಗಸರು ಮೂಗು ಮುರಿಯುತ್ತಿದ್ದರು. ಅವಳಿಗೆ ಅದರ ಲೆಕ್ಕವೇ ಇರಲಿಲ್ಲ.

ಬೆಳಂಬಾರದ ಪಕ್ಕದಲ್ಲಿ ಸಮುದ್ರಕ್ಕೂ ಗಜನಿಗೂ ನಡುವೆ ಒಂದು ಉಸುಕಿನ ಪಟ್ಟಿ. ಗಜನಿ ಎಂದರೆ ಹಳ್ಳದ ಉಪ್ಪುನೀರು ಹತ್ತುವ ಗದ್ದೆ. ಅದಕ್ಕೆ ಮಣ್ಣಿನ ಕಟ್ಟೆ ಹಾಕಿ, ಉಪ್ಪನ್ನು ಹೊರಗಿಟ್ಟು, ಮಳೆಗಾಲದಲ್ಲಿ ಭತ್ತ ಬೆಳೆಯುವುದು. ಗಜನಿಯ ಆಚೆ ದಂಡೆಯಲ್ಲಿ ಹಳೇ ಕೇರಿ. ಈಚೆಯ ಉಸುಕಿನಲ್ಲಿ ಕೇದಗೆಯ ಜಾತಿಯ ಮುಂಡಿಗೆಯ ಮುಳ್ಳುಪೊದೆ ಬಿಟ್ಟರೆ ಏನೂ ಇರಲಿಲ್ಲ. ಜಾಗ ಅಂಕೋಲೆಯ ಒಬ್ಬ ಒಡೆಯರದು. ಇರುವವರು ಇರಿ, ತೆಂಗಿನ ಸಸಿ ಹಚ್ಚಿ ಕೊಡಿ ಸಾಕು ಎಂದಿದ್ದರಂತೆ. ದೊಡ್ಡಬ್ಬೆ ಅಲ್ಲಿ ಮೊದಲ ಗುಡಿಸಲು ಹಾಕಿದಳು. ಹೀಗೆ ಸಮುದ್ರದ ಬಾಯಲ್ಲಿ ಕುಳಿತರೆ ಕುಡಿಯಲು ಏನು ಮಾಡುತ್ತಾಳೆ ಎಂದು ಜನ ನಕ್ಕರು. ಅವಳು ಮುಂಡಿಗೆಯ ಬುಡದಲ್ಲಿ ಕೈಯಿಂದಲೇ ಉಸುಕು ತೋಡಿ, ಒಸರಿದ ನೀರು ತಿಳಿಯಾಗುವವರೆಗೆ ಕಾದು, ತೆಂಗಿನ ಗೆರಟೆಯಲ್ಲಿ ತುಂಬಿ ನಕ್ಕವರ ಕೈಗೇ ಕೊಟ್ಟಳು. ಎಳನೀರಿನಂಥ ನೀರು. ಆಮೇಲೆ ಅಲ್ಲೇ ಚಿರೇಕಲ್ಲು ಕಟ್ಟಿಸಿ ಬಾವಿ ಮಾಡಿಸಿದಳು. ಬಗ್ಗಿದರೆ ಮುಖ ಕಾಣುವಷ್ಟು ಮೇಲಿತ್ತು ನೀರು.

ಬಾವಿಯಾದ ಮೇಲೆ ಅವಳು ಜನ ಹಿಡಿಯಲು ಶುರು ಮಾಡಿದಳು. ಬಲೆ ಬೀಸುವವರ ಹಾಗೆ ಅಂಕೋಲೆ ಪೇಟೆಯಲ್ಲಿ ನಿಲ್ಲುವುದು, ಯಾರ ಮನೆಯಲ್ಲಿ ಪಾಲಾಯಿತು, ಯಾರಿಗೆ ಜಾಗ ಸಾಲದು ಎಂದು ವಿಚಾರಿಸುವುದು. ನನ್ನ ಮಾವನನ್ನು ಹಿಡಿದದ್ದೂ ಹಾಗೇ. ಆ ಮಾತನ್ನು ಮಾವ ಸಾಯುವವರೆಗೂ ಹೇಳಿ ನಗುತ್ತಿದ್ದ.

“ಅಣ್ಣ-ತಮ್ಮ ಪಾಲಾದ್ರಿ ಅಂತ ಕೇಳ್ದೆ. ನಿಂಗೆ ಎಂತ ಬಂತು?”

“ಕೊಟ್ಟಿಗೆ.”

“ದನ?”

“ದನ ಅಣ್ಣಂಗೆ.”

“ಹಂಗಾರೆ ನಿನ್ನೇ ಕೊಟ್ಟಿಗೇಲಿ ಕಟ್ಟೂದಾ? ಬಾ ಮಾರಾಯ. ಜಾಗ ಅದೆ, ನೀರು ಅದೆ.”

ಹಳೇ ಕೇರಿಯಿಂದ ಮಾವ, ಅತ್ತೆ, ಅವರ ಮಗ, ಮಗಳು ಬಂದರು. ಉಪ್ಪಿನ ಚಳವಳಿಯ ಗಲಾಟೆ ತಣ್ಣಗಾಗಿ ಪೊಲೀಸರು ಊರೂರು ತಿರುಗುವುದು ಕಡಿಮೆಯಾದ ಮೇಲೆ ಆ ಮಗನ ಹೆಂಡತಿಯಾಗಿ ಹಿಲ್ಲೂರಿನಿಂದ ನಾನು ಬಂದೆ. ಕಾಡಿನ ಕಡೆಯ ಹುಡುಗಿ, ಸಮುದ್ರ ನೋಡಿದ್ದೇ ಆಗ. ಅನ್ನದಲ್ಲಿ ಉಸುಕು, ಹಾಸಿಗೆಯಲ್ಲಿ ಉಸುಕು, ರಾತ್ರಿಯಿಡೀ ಅಬ್ಬರ. ಮದುವೆ ದಿಬ್ಬಣ ಕಟ್ಟೆ ದಾಟಿ ಬಂದಾಗ ದೊಡ್ಡಬ್ಬೆ ಎದುರು ಬಂದು ನನ್ನ ಮೊಣಕೈ ಹಿಡಿದು ಸೀದಾ ಬಾವಿಗೆ ಎಳೆದುಕೊಂಡು ಹೋದಳು. ಕುಡಿಸಿ, ಹೇಗದೆ ಎಂದು ಕೇಳಿದಳು. ನಾನು ಚೆನ್ನಾಗಿದೆ ಎಂದೆ. ಹೊಸ ಮದುವಣಗಿತ್ತಿ ಬೇರೆ ಏನು ಹೇಳುತ್ತಾಳೆ? ಆದರೆ ನೀರು ನಿಜಕ್ಕೂ ಚೆನ್ನಾಗಿತ್ತು.

ಕೇರಿ ಬೆಳೆಯಿತು. ಮನೆಗಳ ನಡುವೆ ಗಾಡಿ ಹೋಗುವಷ್ಟು ದಾರಿ ಬಿಡಿಸಿದವಳು ಅವಳೇ. ಗಾಡಿ ಯಾರ ಹತ್ತಿರವೂ ಇರಲಿಲ್ಲ. ಈ ದಾರಿಯಲ್ಲಿ ಒಂದು ದಿನ ಮೋಟಾರು ಬರುತ್ತದೆ, ಆಗ ಬೇಲಿ ಕೀಳಲು ನಾನು ಇರುವುದಿಲ್ಲ, ಈಗಲೇ ಬಿಡಿ ಎಂದು ಹಟ ಮಾಡಿದಳು. ತನ್ನ ಜಗಲಿಯಲ್ಲಿ ಶಾಲೆ ಕೂಡಿಸಿದಳು. ಮಾಸ್ತರರಿಗೆ ಮನೆ ಮನೆಯಿಂದ ಸರದಿಯಲ್ಲಿ ಊಟ. ನನಗೆ ಬಂದ ನಾಲ್ಕಕ್ಷರ ಅಲ್ಲೇ ಮೂಲೆಯಲ್ಲಿ ಅಕ್ಕಿ ಆರಿಸುತ್ತ ಕಿವಿಗೆ ಬಿದ್ದದ್ದು. ಅವಳಿಗೆ ಅಷ್ಟೂ ಬರಲಿಲ್ಲ. ಮಾಸ್ತರರು ಕಲಿಸುತ್ತೇನೆ ಎಂದರೆ, ನನಗೆ ತಲೆ ತಿನ್ನುವ ಬೇರೆ ಕೆಲಸ ಇದೆ ಎನ್ನುತ್ತಿದ್ದಳು.

ಆ ಬೇರೆ ಕೆಲಸ ಹರಿವೆ, ಬಸಳೆ, ಬದನೆ, ಮೂಲಂಗಿ. ಉಸುಕಿನಲ್ಲಿ ಗೊಬ್ಬರ ಹಾಕಿ, ಬೆಳಿಗ್ಗೆ ಸಂಜೆ ಕೊಡದಿಂದ ನೀರು ಹೊಯ್ದರೆ ತರಕಾರಿ ಬೇಡ ಎಂದರೂ ಬರುತ್ತದೆ. ಅಂಕೋಲೆಗೆ ಹೊತ್ತು ಮಾರುತ್ತಿದ್ದೆವು. ಒಮ್ಮೆ ಅವಳು ಬುಟ್ಟಿ ಕಟ್ಟಿಕೊಂಡು ಕಾರವಾರದ ಮೋಟಾರು ಹತ್ತಿದಳು. ಅಲ್ಲಿ ಯಾರೋ ದೊಡ್ಡ ಅಧಿಕಾರಿಯ ಮನೆಯ ಅಡುಗೆಯವನು ಹರಿವೆಯ ದಂಟು ಮುರಿದು ನೋಡಿ, ಇದ್ದದ್ದೆಲ್ಲ ಕೊಟ್ಟು ಹೋಗು, ನಾಳೆಯೂ ಬಾ ಎಂದನಂತೆ. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು, ಕಾರವಾರ ಉಣ್ಣುವುದು ನಮ್ಮ ಉಸುಕಿನದು. ಎಲ್ಲರ ಬೆನ್ನು ಹತ್ತಿ ತರಕಾರಿ ಸಾಲು ಹೆಚ್ಚಿಸಿದಳು. ಮನೆ ಹೆಚ್ಚಾಯಿತು, ಸಾಲು ಹೆಚ್ಚಾಯಿತು, ಬಾವಿ ಮಾತ್ರ ಒಂದೇ.

ನನ್ನ ಅತ್ತೆಗೂ ಅವಳಿಗೂ ಮಾತಿರಲಿಲ್ಲ. ನಮ್ಮ ಕೋಳಿ ಅವಳ ಹರಿವೆ ಸಸಿ ಕೆದರಿದ್ದೇ ಕಾರಣ. ಬೇಲಿಯ ಆಚೆ ಅವಳು, ಈಚೆ ಅತ್ತೆ. ಹೇಳಬೇಕಾದದ್ದಿದ್ದರೆ ಅತ್ತೆ ನಮ್ಮ ಗೌರಿ ಹಸುವಿಗೆ ಹೇಳುವಳು, ಅವಳು ತನ್ನ ಬೆಕ್ಕಿಗೆ ಹೇಳುವಳು. ಇಬ್ಬರಿಗೂ ಕೇಳುತ್ತಿತ್ತು.

ಒಂದು ವರ್ಷ ಮಳೆ ಬೇಗ ಬಿಟ್ಟಿತು. ವೈಶಾಖದಲ್ಲಿ ಸಾಲಿನ ಪಕ್ಕದಲ್ಲಿ ನೀರು ಹೊಯ್ಯಲು ತೋಡಿದ್ದ ಹೊಂಡಗಳೆಲ್ಲ ಒಣಗಿ, ಎಲ್ಲರೂ ಬಾವಿಗೇ ಬಿದ್ದರು. ಕೊಡ ಇಳಿಸಿದರೆ ಉಸುಕು ಕೆರೆದುಕೊಂಡು ಬರುತ್ತಿತ್ತು. ಬಾವಿಯನ್ನು ಇನ್ನೂ ಆಳಕ್ಕೆ ಇಳಿಸಬೇಕು ಎಂದು ದೊಡ್ಡಬ್ಬೆ ತೀರ್ಮಾನ ಮಾಡಿದಳು. ಹಿಲ್ಲೂರಿನಲ್ಲಿದ್ದ ನನ್ನ ಅಣ್ಣ ಬಾವಿ ತೆಗೆಯುವವನು. ಅವನನ್ನೇ ಕರೆಸಿದಳು. ಅವನು ಇಳಿದು ನೋಡಿ, ಉಸುಕಿನ ಕೆಳಗೆ ಕಲ್ಲಿನ ಹಾಗೆ ಗಟ್ಟಿ ಜೇಡಿಮಣ್ಣಿನ ಪದರ ಇದೆ, ಅದರ ಕೆಳಗೆ ಏನಿದೆಯೋ ತಿಳಿಯದು ಎಂದ. ನಿಮ್ಮ ಕಡೆ ಏನು ಮಾಡುತ್ತೀರಿ ಎಂದು ಅವಳು ಕೇಳಿದಳು. ನಮ್ಮ ಕಡೆ ನೀರು ಇಳಿದರೆ ನಾವೂ ಇಳಿಯುತ್ತೇವೆ ಎಂದ. ಹಾಗಾದರೆ ಒಡೆ ಎಂದಳು. ಅವನು ಹಾರೆ ಹಾಕಿದ. ಜೇಡಿ ಬಿರಿದದ್ದೇ ಬುಳಬುಳ ಎಂದು ನೀರು ಮೇಲೆ ಬಂತು, ಅಣ್ಣನನ್ನು ಹಗ್ಗ ಹಾಕಿ ಎಳೆದುಕೊಳ್ಳಬೇಕಾಯಿತು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ತೆಂಗಿನಕಾಯಿ ಒಡೆದೆವು, ಬೆಲ್ಲ ಹಂಚಿದೆವು. ಕಾಡಿನವರಿಗೆ ಗೊತ್ತಿರುವ ಬಾವಿ ಬೇರೆ, ಉಸುಕಿನ ಬಾವಿ ಬೇರೆ ಎಂದು ಅಂದು ಯಾರಿಗೂ ಹೊಳೆಯಲಿಲ್ಲ.

ಉಪ್ಪು ಒಮ್ಮೆಗೇ ಬರಲಿಲ್ಲ. ಮೊದಲು ಬೇಳೆ ಬೇಯಲಿಲ್ಲ. ಬೇಳೆಯೇ ಹಳತು ಎಂದುಕೊಂಡೆವು. ಆಮೇಲೆ ಹರಿವೆಯ ಎಲೆಯ ಅಂಚು ಸುಟ್ಟಿತು. ಆಮೇಲೆ ನಾಲಿಗೆಗೇ ಗೊತ್ತಾಯಿತು. ಕಾಡಿನವನ ಕೈ ಸರಿಯಿಲ್ಲ, ಏನೋ ಕೆಟ್ಟದ್ದನ್ನು ತಂದು ಹಾಕಿದ ಎಂದು ಬಾವಿಕಟ್ಟೆಯ ಮೇಲೆ ಮಾತು ಶುರುವಾಯಿತು. ನಾನು ಕೊಡ ಹಿಡಿದು ಅಲ್ಲೇ ನಿಂತಿದ್ದೆ. ದೊಡ್ಡಬ್ಬೆ ಬಂದು ಕಟ್ಟೆಯ ಮೇಲೆ ಕುಳಿತಳು.

“ಅಂವ ಕೇಳ್ದ, ನಾ ಒಡಿ ಅಂದೆ. ಬೈಯೂದಾದ್ರೆ ನನ್ನ ಬೈಯಿರಿ. ದಿನಾ ಚೂರು ಚೂರು ಬ್ಯಾಡ, ಇವತ್ತೇ ಕುಂತ್ಕಂಡೆ, ಬೈದು ಮುಗ್ಸಿ.”

ಬಿಡುತ್ತಾರೆಯೆ? ಬೈದರು. ನಿನ್ನ ಮಾತು ನಂಬಿ ಬಂದೆವು ಎಂದರು, ಕಾರವಾರದ ಆಸೆಗೆ ಕೇರಿಯನ್ನೇ ಮುಳುಗಿಸಿದೆ ಎಂದರು. ಅವಳು ಎಲೆ ಅಡಿಕೆ ಮೆಲ್ಲುತ್ತ ಕೊನೆಯವರೆಗೂ ಕೇಳಿ, ಎದ್ದು, ಕೊಡ ತೆಗೆದುಕೊಂಡು ಹಳೇ ಕೇರಿಗೆ ನೀರಿಗೆ ಹೋದಳು.

ಮಳೆಗಾಲದಲ್ಲಿ ಮಳೆಯ ನೀರು ತುಂಬಿ ಬಾವಿ ಸಿಹಿಯಾಯಿತು. ಕಳೆಯಿತು ಎಂದುಕೊಂಡೆವು. ದೀಪಾವಳಿ ಕಳೆದದ್ದೇ ಮತ್ತೆ ಉಪ್ಪು. ಆಮೇಲೆ ಗಜನಿಯ ಕಟ್ಟೆ ಹಿಡಿದು ಆಚೆ ಕೇರಿಯಿಂದ ಹೊರುವುದೇ ನಮ್ಮ ಪಾಡು. ಅಲ್ಲಿ ಅವರದೆಲ್ಲ ಆಗುವವರೆಗೆ ನಾವು ಬದಿಗೆ ನಿಲ್ಲಬೇಕು. ಉಪ್ಪು ಮಾಡಿದವರನ್ನು ಪೊಲೀಸರು ಹಿಡಿದುಕೊಂಡು ಹೋದರು, ನಿಮ್ಮನ್ನು ಹೇಗೆ ಬಿಟ್ಟರು ಎಂದು ಒಬ್ಬಳು ಕೇಳಿದರೆ ಉಳಿದವರು ಸೆರಗು ಕಚ್ಚಿ ನಗುವರು. ನಾನು ಆಗ ಬಸುರಿ. ದೊಡ್ಡಬ್ಬೆ ದಿನಾ ಬೆಳಿಗ್ಗೆ ಒಂದು ಕೊಡ ನಮ್ಮ ಅಂಗಳದಲ್ಲಿ ಇಟ್ಟು ಹೋಗುವಳು. ಅತ್ತೆ ಮಾತಾಡದೆ ಒಳಗೆ ತರುವಳು, ಖಾಲಿ ಕೊಡ ತೊಳೆದು ಬೇಲಿಯ ಮೇಲೆ ಕವುಚಿ ಇಡುವಳು. ಅಷ್ಟೇ.

ಆ ಚಳಿಯಲ್ಲೇ ನನ್ನ ನಾದಿನಿಯನ್ನು ನೋಡಲು ಗಂಗಾವಳಿಯ ಆಚೆಯಿಂದ ಗಂಡಿನ ಕಡೆಯವರು ಬಂದರು. ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೇ ಬಂದರು. ಹೊತ್ತ ನೀರು ಮುಗಿದಿತ್ತು. ನಮ್ಮಲ್ಲಿ ಬಂದವರ ಕೈಗೆ ಮೊದಲು ಬೆಲ್ಲ, ನೀರು ಕೊಡಬೇಕು, ಅದಿಲ್ಲದೆ ಮಾತೇ ಶುರುವಾಗುವುದಿಲ್ಲ. ಹುಡುಗಿ ಗಾಬರಿಯಲ್ಲಿ ನಮ್ಮ ಬಾವಿಯದನ್ನೇ ಸೇದಿ ತಂಬಿಗೆಯಲ್ಲಿ ಇಟ್ಟಳು. ಗಂಡಿನ ತಂದೆ ಬೆಲ್ಲ ಕಚ್ಚಿ ನೀರು ಕುಡಿದವರು ಎದ್ದು ಅಂಗಳದ ಮೂಲೆಗೆ ಹೋಗಿ ಉಗುಳಿ ಬಂದರು. ಒಳ್ಳೆಯ ಜನ, ಸಿಟ್ಟು ಮಾಡಲಿಲ್ಲ.

“ಹುಡ್ಗಿ ಚೆಂದ ಅದೆ,” ಎಂದರು. “ಆದ್ರೆ ನಮ್ಮ ಹುಡ್ಗ ಹೆಂಡ್ತಿ ತೌರಿಗೆ ಬರೂವಾಗ ನೀರೂ ಹೊತ್ಕಂಡು ಬರೂದಾ?”

ಸಂಬಂಧ ಹೋಯಿತು. ಮಾವ ಊಟಕ್ಕೆ ಕೂರದೆ, ಸಾಕು ಈ ಜಾಗ, ಅಣ್ಣನ ಕಾಲು ಹಿಡಿದಾದರೂ ಹಳೇ ಕೇರಿಗೆ ಹೋಗುವುದು ಎಂದ. ನಮಗಿಂತ ಮುಂಚೆಯೇ ಕಡೇ ಮನೆಯವರು ಹೊರಟರು. ಗಂಡ, ಹೆಂಡತಿ, ಸಣ್ಣ ಸಣ್ಣ ಮಕ್ಕಳು. ನಮ್ಮಲ್ಲಿ ಮನೆ ಬಿಡುವವರು ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಒಯ್ಯುತ್ತಾರೆ. ಅವರು ಕೀಳುವಾಗ ದೊಡ್ಡಬ್ಬೆ ಹೋಗಿ ಒಂದು ತುದಿಗೆ ಕೈ ಕೊಟ್ಟಳು. ನಿಲ್ಲಿ ಎನ್ನುತ್ತಾಳೆ, ಅಳುತ್ತಾಳೆ ಎಂದು ನಾವೆಲ್ಲ ನೋಡುತ್ತಿದ್ದೆವು. ಅವಳು ಚೌಕಟ್ಟನ್ನು ತಲೆಯ ಮೇಲೆ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ ಕಟ್ಟೆಯ ಮೇಲೆ ನಡೆದಳು. ನಾನೇ ಕರೆದದ್ದು, ನಾನೇ ಮುಟ್ಟಿಸಬೇಕು ಎಂದಳಂತೆ. ಆ ಮನೆಯ ಹೆಂಗಸು ಅವಳ ಮುಖ ನೋಡಲಿಲ್ಲ. ತಿರುಗಿ ಬಂದವಳು ತನ್ನ ಬದನೆ ಸಾಲಿನಲ್ಲಿ ಕುಳಿತಳು. ಕಳೆ ಕೀಳುತ್ತಿದ್ದಾಳೆ ಎಂದುಕೊಂಡೆ. ಕೈ ಆಡುತ್ತಿರಲಿಲ್ಲ.

ಅತ್ತೆಗೆ ಆ ಹೊತ್ತಿನಲ್ಲೂ ಬಾಯಿ ಸುಮ್ಮನಿರಲಿಲ್ಲ. ಹಸುವಿಗೆ ಹುಲ್ಲು ಹಾಕುತ್ತ ಬೇಲಿಗೆ ಕೇಳುವ ಹಾಗೆ ಹೇಳಿದಳು, “ನೋಡೇ ಗೌರಿ, ಗಜನಿಗೆ ಉಪ್ಪು ಬರ್ದಂಗೆ ಕಟ್ಟೆ ಹಾಕೂಕೆ ಗೊತ್ತದೆ ಇವ್ರಿಗೆ. ಬಾಗ್ಲೆದುರಿಗಿನ ಬಾವಿಗೆ ಹಾಕೂಕೆ ಗೊತ್ತಿಲ್ಲ.”

ದೊಡ್ಡಬ್ಬೆ ಎದ್ದು ಬೇಲಿಯ ಹತ್ತಿರ ಬಂದಳು.

“ಅದ್ನ ಇನ್ನೊಂದ್ಸಲ ಹೇಳು.”

“ನಾ ದನಕ್ಕೆ ಹೇಳ್ದೆ.”

“ದನಕ್ಕೇ ಇನ್ನೊಂದ್ಸಲ ಹೇಳು ಮಾರಾಯ್ತಿ.”

ಚುಚ್ಚಲು ಆಡಿದ ಮಾತನ್ನು ಅವಳು ಹಾಗೇ ಕೈಯಲ್ಲಿ ಹಿಡಿದಳು. ಅವಳ ಗುಣವೇ ಅದು, ಮಾತು ಯಾರ ಬಾಯಿಂದ ಬಂತು ಎಂದು ನೋಡುವವಳಲ್ಲ, ಕೆಲಸಕ್ಕೆ ಬರುತ್ತದೆಯೇ ಎಂದಷ್ಟೇ ನೋಡುವಳು. ಗಜನಿಯ ಕಟ್ಟೆಗೆ ವರ್ಷಾ ವರ್ಷಾ ಹಳ್ಳದ ತಳದ ಕಪ್ಪು ಜೇಡಿ ತಂದು ಹೆಂಗಸರು ಗಂಡಸರೆಲ್ಲ ಕಾಲಿಂದ ತುಳಿದು ಗಟ್ಟಿ ಮಾಡುತ್ತೇವೆ. ಅದರಲ್ಲಿ ಉಪ್ಪುನೀರು ಜಿನುಗುವುದಿಲ್ಲ. ಬಾವಿಯಲ್ಲಿ ನಾವು ಒಡೆದದ್ದೂ ಅಡಿಯ ಉಪ್ಪುನೀರನ್ನು ತಡೆದಿದ್ದ ಜೇಡಿಯೇ, ಅದನ್ನೇ ತಿರುಗಿ ಹಾಕಿ ತುಳಿದರೆ ಹೇಗೆ ಎಂದಳು. ಆದರೆ ಜನ ಒಪ್ಪಲಿಲ್ಲ. ಯಾರಾದರೂ ಬಿದ್ದು ಸತ್ತ ಬಾವಿಗೆ ಮಾತ್ರ ಮಣ್ಣು ಹಾಕುವುದು, ನೀರಿರುವ ಬಾವಿಗೆ ಹಾಕಿದರೆ ಕೇರಿಗೆ ಕೇಡು ಎಂದು ಗಂಡಸರೆಲ್ಲ ಹಿಂದೆ ಸರಿದರು. ಮತ್ತೆ ಕರೆಸಿದಾಗ ಅಣ್ಣನೂ ಬಾವಿಕಟ್ಟೆಯ ಮೇಲೆ ಕುಳಿತು, ತೆಗೆದ ಬಾವಿಯನ್ನು ನಾನೇ ಮುಚ್ಚಿದರೆ ಮುಂದೆ ನನ್ನನ್ನು ಯಾರು ಕರೆಯುತ್ತಾರೆ ಎಂದ.

“ಮುಚ್ಚೂದಲ್ಲ, ತಳ ಹಾಕೂದು,” ಎಂದಳು. “ತಳ ಇಲ್ದಿದ್ದ ಕೊಡ ಇಟ್ಕಂಡು ಎಂತ ಮಾಡ್ತಿ?”

ಮೊದಲ ಬುಟ್ಟಿ ಅವಳೇ ತಂದಳು. ಎರಡನೆಯ ಬುಟ್ಟಿ ನನ್ನ ಅತ್ತೆ ತಂದಳು. ಮಗಳ ಸಂಬಂಧ ಹೋದ ಸಿಟ್ಟು ಅದರಲ್ಲೂ ಇತ್ತು. ಕುಕ್ಕಿ ಇಟ್ಟಳು. ಆಮೇಲೆ ಹೆಂಗಸರೆಲ್ಲ ಬಂದರು, ಹೆಂಗಸರು ಬಂದ ಮೇಲೆ ಗಂಡಸರು ಮನೆಯಲ್ಲಿ ಕುಳಿತು ಏನು ಮಾಡುತ್ತಾರೆ? ಸಮುದ್ರದ ಇಳಿತದ ಹೊತ್ತು ನೋಡಿ ನೀರು ಎತ್ತಿ ಎತ್ತಿ ಹಾಕಿದರು. ಅಣ್ಣ ಕೆಳಗಿಳಿದು ತುಳಿದ. ಮೇಲೆ ನಿಂತು ಜೇಡಿ ನೋಡುವ ಕೆಲಸ ಅತ್ತೆಯದು. ಚಿವುಟಿ ನೋಡಿ ಉಸುಕು ಬೆರೆತಿದ್ದರೆ ಬುಟ್ಟಿಯನ್ನೇ ಹಿಂದಕ್ಕೆ ಕಳಿಸುವಳು. ದೊಡ್ಡಬ್ಬೆಯ ಬುಟ್ಟಿಯನ್ನೂ ಕಳಿಸಿದಳು, ಅವಳು ಬಾಯಿ ತೆರೆಯದೆ ಹೋಗಿ ಬೇರೆ ತಂದಳು. ಜೇಡಿಯ ಮೇಲೆ ಉಸುಕು ಹಾಕಿ, ಬಾವಿಯನ್ನು ಮೊದಲಿನ ಆಳಕ್ಕೇ ತಂದು ನಿಲ್ಲಿಸಿದರು.

ಅಂದೇ ಸಂಜೆ ದೊಡ್ಡಬ್ಬೆ ತನ್ನ ಸಾಲುಗಳನ್ನೆಲ್ಲ ಕಿತ್ತಳು. ಬದನೆ ಆಗಲೇ ಹೂ ಬಿಟ್ಟಿತ್ತು. ಈ ಬಾವಿ ಇನ್ನು ಒಲೆಯ ಮೇಲಿನ ಪಾತ್ರೆಗೆ ಮಾತ್ರ, ಸಾಲಿಗಲ್ಲ, ನಿಮ್ಮದು ನಿಮಗೆ ಬಿಟ್ಟದ್ದು, ನನ್ನದು ನಾನು ತೆಗೆದೆ ಎಂದಳು. ಉಳಿದವರು ಗೊಣಗುತ್ತ, ಹೊಂಡದ ನೀರು ಮುಟ್ಟಿದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಬಿಟ್ಟರು. ಕಾರವಾರದ ಮೋಟಾರಿಗೆ ಅವಳು ಮತ್ತೆ ಬುಟ್ಟಿ ಏರಿಸಲಿಲ್ಲ. ತೆಂಗಿನ ಮಡಲು ಹೆಣೆದು, ಕಂಡವರ ಭತ್ತ ಕುಟ್ಟಿ ಹೊಟ್ಟೆ ಹೊರೆದಳು.

ಮಾವ ಹೋಗುವುದನ್ನು ಬೇಸಿಗೆಯವರೆಗೆ ಮುಂದೆ ಹಾಕಿದ. ಬೇಸಿಗೆ ಬಂತು. ನೀರು ಸಿಹಿ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಮಣ್ಣಿನ ವಾಸನೆ ಇತ್ತು. ಉಪ್ಪಿರಲಿಲ್ಲ. ಬೇಳೆ ಬೆಂದಿತು. ನಾವು ಉಳಿದೆವು. ಮರುವರ್ಷ ನಾದಿನಿಗೆ ಬೇರೆ ಕಡೆ ಗಂಡು ಗೊತ್ತಾಯಿತು.

ಜನ ಕರೆಯುವುದನ್ನೂ ಅವಳು ನಿಲ್ಲಿಸಿದಳು. ಕೇರಿ ಚೆನ್ನಾಗಿದೆ ಎಂದು ಕೇಳಿ ತಾವಾಗಿಯೇ ಬರತೊಡಗಿದವರನ್ನು ಕಟ್ಟೆಯ ಹತ್ತಿರವೇ ಎದುರುಗೊಂಡು, ಬಾವಿ ಇಷ್ಟೇ ಮನೆಗಳದ್ದು, ಇನ್ನೊಂದು ಮನೆ ಬಂದರೆ ಮತ್ತೆ ಉಪ್ಪು ಎಂದು ಹೇಳಿ ಕಳಿಸುತ್ತಿದ್ದಳು. ಕೇರಿಯವರೆಲ್ಲ ಕುಳಿತು ಅದನ್ನೇ ಕಟ್ಟಳೆ ಮಾಡಿಕೊಂಡರು. ಕಡೇ ಮನೆಯವರ ಜಾಗವನ್ನು ಅಷ್ಟರಲ್ಲಿ ಬೇರೆಯವರು ಹಿಡಿದಾಗಿತ್ತು.

ಆ ಕಡೇ ಮನೆಯ ಹೆಂಗಸು ತಿರುಗಿ ಬಂದಳು. ಹಳೇ ಕೇರಿಯಲ್ಲಿ ಭಾವನ ಜಗಲಿಯಲ್ಲಿ ಮಳೆಗಾಲ ಕಳೆದಿದ್ದರು. ಮಕ್ಕಳ ಮೈಯಲ್ಲಿ ಮಾಂಸ ಇರಲಿಲ್ಲ. ಒಂದು ಮೂಲೆ ಸಾಕು ಎಂದಳು. ಯಾರೂ ಮುಖ ಕೊಡಲಿಲ್ಲ. ಇವರಿಗೆ ಆಗುವುದಾದರೆ ಉಳಿದವರಿಗೆ ಯಾಕೆ ಇಲ್ಲ, ನೀನೇ ಹೇಳಿದ ಮಾತಲ್ಲವೇ ಎಂದು ದೊಡ್ಡಬ್ಬೆಗೇ ಹೇಳಿದರು. ನನ್ನ ಗಂಡನೂ ಹೇಳಿದ. ಹೌದು, ನಾನೇ ಹೇಳಿದ್ದು ಎಂದಳು. ವಾದ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಅಂಗಳದಲ್ಲಿ ಒಂದು ಗಂಟು, ಒಂದು ಚಾಪೆ. ಮನೆ ಕಡೇ ಮನೆಯವರಿಗೆ, ತಾನು ರಾಮನಗುಳಿಗೆ ಮಗಳ ಹತ್ತಿರ, ಬಾವಿಗೆ ಮನೆ ಹೆಚ್ಚಾಗಲಿಲ್ಲವಲ್ಲ ಎಂದಳು. ಅತ್ತೆ ಬೇಲಿ ದಾಟಿ ಹೋಗಿ ಅವಳ ಎದುರಿಗೆ ನಿಂತು ಬೈದಳು. ಕೇರಿ ಕಟ್ಟಿದವಳು ನೀನು, ಮೊದಲು ಬಂದವಳು ನೀನು, ನೀನು ಯಾಕೆ ಹೋಗಬೇಕು, ಬುದ್ಧಿ ಕೆಟ್ಟಿದೆಯಾ ಎಂದಳು. ದೊಡ್ಡಬ್ಬೆ ಅತ್ತೆಯ ಮೊಣಕೈ ಹಿಡಿದಳು.

“ಅವ್ರನ್ನ ನಾ ಕರ್ದೆ,” ಎಂದಳು. “ನನ್ನ ಯಾರೂ ಕರ್ದಿರ್ಲಿಲ್ಲ.”

ಅತ್ತೆ ಬಗ್ಗಿ ಗಂಟನ್ನು ತಾನೇ ಎತ್ತಿಕೊಂಡಳು. ದೊಡ್ಡಬ್ಬೆ ಚಾಪೆ ಎತ್ತಿಕೊಂಡಳು. ಇಬ್ಬರೂ ಹಿಂದೆ ಮುಂದಾಗಿ ಕಟ್ಟೆಯ ಮೇಲೆ ಹೋಗುವುದು ಬಹಳ ಹೊತ್ತು ಕಾಣುತ್ತಿತ್ತು. ಮಾತಾಡಿದರೋ ಇಲ್ಲವೋ ಗೊತ್ತಿಲ್ಲ, ನಾನು ಕೇಳಲಿಲ್ಲ. ಅತ್ತೆ ಮಧ್ಯಾಹ್ನ ತಿರುಗಿ ಬಂದಳು. ಬಡಿಸಿದರೆ ಉಣ್ಣಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದು ಹೇಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.